ನೆರವೇರಿತು ಎಂಬ ಮಾತು

ಡಿಸೆಂಬರ್ ತಿಂಗಳು ಬಂದಿತೆಂದರೆ ಬೆಂಗಳೂರಿನ ದಕ್ಷಿಣದಂಚಿನ ಸುಬ್ರಹ್ಮಣ್ಯಪುರದಲ್ಲಿಯೂ ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ಕಾಗದದ ನಕ್ಷತ್ರದೀಪ ತೂಗುವುದು. ಅಂತಹದೊಂದು ಸಂಜೆ ನೆರೆಮನೆಯ ಹಿರಿಯರೊಬ್ಬರು ನಮ್ಮನ್ನು ಕೇಳಿದರು: “ಸ್ವಾಮಿ, ಕ್ರಿಸ್ತನು ಹುಟ್ಟುವುದಕ್ಕೆ ಏಳುನೂರು ವರ್ಷ ಮುಂಚೆಯೇ ಯಾರೋ ಋಷಿಗಳು ಅವನ ಜನನವನ್ನು ಬರೆದಿಟ್ಟಿದ್ದರಂತೆ. ನಮ್ಮ ಕೈವಾರದ ತಾತಯ್ಯನವರ ಕಾಲಜ್ಞಾನದ ಹಾಗೆಯೇ ಇದೂ ಅಲ್ಲವೆ?” ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು ಎನ್ನುವಂತಹ ಪ್ರಶ್ನೆ ಇದು. ಅಂದು ಬೀದಿಯಲ್ಲಿ ನಿಂತು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲವಾದುದರಿಂದ, ಅದನ್ನೇ ಶ್ರೋತೃಗಳ ಮುಂದೆ ಸ್ವಲ್ಪ ಸಾವಕಾಶವಾಗಿ ವಿಚಾರಮಾಡಬೇಕೆಂದಿದ್ದೇವೆ.

ಕನ್ನಡನಾಡಿನವರಿಗೆ ಈ ಹೋಲಿಕೆ ತೋರುವುದು ಸಹಜ. ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ ನಮ್ಮಲ್ಲುಂಟು. ಕೈವಾರದ ನಾರೇಯಣ ಯತಿಗಳದು ಉಂಟು. ಮುಂದೆ ಹೀಗಾಗುವುದೆಂದು ಹಿಂದೆಯೇ ಒಬ್ಬರು ನುಡಿದರು, ಹಾಗೆಯೇ ಆಯಿತು, ಆದುದರಿಂದ ನುಡಿದವರು ಮಹಾತ್ಮರು ಎಂಬುದು ಅಲ್ಲಿನ ತರ್ಕ. ಕ್ರೈಸ್ತರಲ್ಲಿಯೂ ಅನೇಕರು ತಮ್ಮ ಗ್ರಂಥವನ್ನು ಹೀಗೆಯೇ ಓದುವರು. ಕೆಲವು ಕಿರುಹೊತ್ತಗೆಗಳಲ್ಲಿ ಎಡಗಡೆ ಪ್ರವಾದನೆ, ಬಲಗಡೆ ಅದು ನೆರವೇರಿದ ಬಗೆ ಎಂದು ಎರಡು ಸಾಲುಗಳ ಪಟ್ಟಿಯನ್ನೇ ಮಾಡಿಟ್ಟಿರುವರು. ಭಕ್ತಿಯಿಂದ ಮಾಡಿದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಪಟ್ಟಿಯಿಂದ ಪ್ರವಾದಿಗೂ ನ್ಯಾಯ ಸಲ್ಲುವುದಿಲ್ಲ, ಸುವಾರ್ತೆಯನ್ನು ಬರೆದವನಿಗೂ ನ್ಯಾಯ ಸಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಶಬ್ದವನ್ನು ನೋಡೋಣ. ಮತ್ತಾಯನು ತನ್ನ ಸುವಾರ್ತೆಯಲ್ಲಿ ಸುಮಾರು ಹತ್ತು ಸಲ, ಪ್ರವಾದಿಯ ಮೂಲಕ ಹೇಳಿಸಿದ್ದು ನೆರವೇರಿತೆಂಬ ಅರ್ಥದ ಮಾತನ್ನು ಬಳಸಿದ್ದಾನೆ. ಮೊದಲ ಎರಡು ಅಧ್ಯಾಯಗಳಲ್ಲಿಯೇ ನಾಲ್ಕು ಸಲ. ಅವನು ಬರೆದುದು ಗ್ರೀಕ್ ಭಾಷೆಯಲ್ಲಿ. ಅಲ್ಲಿನ ಕ್ರಿಯಾಪದದ ಮೂಲಾರ್ಥ ತುಂಬು, ಪೂರ್ಣಗೊಳಿಸು ಎಂದು. ಕೊಡವನ್ನು ತುಂಬುವುದಕ್ಕೂ ಬಲೆ ಮೀನಿನಿಂದ ತುಂಬುವುದಕ್ಕೂ ಸಲ್ಲುವ ಶಬ್ದ ಅದು. ಹೇಳಿದ ಭವಿಷ್ಯ ತಾಳೆಯಾಯಿತೆಂಬುದು ಅದರ ಅರ್ಥದಲ್ಲಿ ಒಂದು ಭಾಗ ಮಾತ್ರ. ಕನ್ನಡ ಬೈಬಲ್ಲಿನ ‘ನೆರವೇರಿತು’ ಎಂಬ ಪದವೂ ಕಿವಿಗೆ ಬಿದ್ದೊಡನೆ ನಮಗೆ ‘ನೆರೆ’ಯನ್ನು ನೆನಪಿಗೆ ತರುವುದು. ಹೊಳೆಗೆ ನೆರೆ ಬಂದಿತೆಂದರೆ ಹೊಳೆ ಹಿಂದೆ ಇರಲಿಲ್ಲವೆಂದು ಅರ್ಥವಲ್ಲ. ಇದ್ದ ಹೊಳೆಯೇ ದಡದುದ್ದಕ್ಕೂ ತುಂಬಿತೆಂದು ಅರ್ಥ.

ಇನ್ನು ಪ್ರವಾದಿಯೆಂದರೆ ಯಾರು? ಯೆಹೂದ್ಯರ ಪವಿತ್ರಗ್ರಂಥವು ಧರ್ಮಶಾಸ್ತ್ರ, ಪ್ರವಾದಿಗಳು, ಇತರ ಬರೆಹಗಳು ಎಂದು ಮೂರು ಭಾಗವಾಗಿದೆ. ಅದರಲ್ಲಿ ಬರುವ ಪ್ರವಾದಿಗಳು ಜೋಯಿಸರಲ್ಲ. ಆಮೋಸನೆಂಬವನು ತೆಕೋವ ಎಂಬ ಊರಿನ ಕುರಿಗಾಹಿ, ಕ್ರಿ. ಪೂ. ಎಂಟನೆಯ ಶತಮಾನದಲ್ಲಿ ಇಸ್ರಾಯೇಲಿನ ಸಿರಿವಂತರೆದುರಿಗೆ ನಿಂತು, ಬಡವನನ್ನು ಒಂದು ಜೊತೆ ಕೆರಕ್ಕಾಗಿ ಮಾರುವವರ ಹಬ್ಬಹುಣ್ಣಿಮೆಗಳು ದೇವರಿಗೆ ಹೇಸಿಗೆಯೆಂದು ಕೂಗಿದನು. ಪ್ರವಾದಿಗಳ ಮಾತಿನ ಬಹುಭಾಗ ಅಂದಿನ ಅರಸರಿಗೆ, ಅಂದಿನ ಪುರೋಹಿತರಿಗೆ, ಅಂದಿನ ಸಂತೆಯ ಕಳ್ಳತೂಕದವರಿಗೆ ಹೇಳಿದ್ದು. ಮುಂದಿನದನ್ನು ಅವರು ಹೇಳುವುದೂ ಉಂಟು. ಆದರೆ ಹೀಗೆಯೇ ನಡೆದರೆ ಹೀಗಾಗುವುದು, ತಿರುಗಿಕೊಂಡರೆ ದೇವರು ಕೈಬಿಡನು ಎಂಬ ಒಳಷರತ್ತು ಅದರಲ್ಲಿ ಇದ್ದೇ ಇರುವುದು.

ನೆರೆಯವರು ಕೇಳಿದ ಏಳುನೂರು ವರ್ಷದ ಹಿಂದಿನ ಮಾತು ಯೆಶಾಯನ ಏಳನೆಯ ಅಧ್ಯಾಯದ್ದು. ಅದರ ಸಂದರ್ಭವನ್ನು ತಿಳಿಯದೆ ಅದರ ಗುಟ್ಟು ತಿಳಿಯದು. ಕ್ರಿ. ಪೂ. 735ರ ಸುಮಾರಿನಲ್ಲಿ ಯೆಹೂದದ ಅರಸನಾದ ಆಹಾಜನ ಮೇಲೆ ದಮಸ್ಕದ ಅರಸನೂ ಸಮಾರ್ಯದ ಅರಸನೂ ಒಂದಾಗಿ ದಂಡೆತ್ತಿ ಬಂದರು. ಅರಸನ ಎದೆಯೂ ಪ್ರಜೆಗಳ ಎದೆಯೂ ಗಾಳಿಗೆ ಸಿಕ್ಕಿದ ಕಾಡಿನ ಮರಗಳಂತೆ ನಡುಗಿದುವೆಂದು ಗ್ರಂಥವು ವರ್ಣಿಸುತ್ತದೆ. ಪ್ರಬಲನಾದ ಅಶ್ಶೂರದ ಚಕ್ರವರ್ತಿಯ ಮರೆಹೊಗಬೇಕೆಂದು ಆಹಾಜನ ಮನಸ್ಸು. ಆಗ ಯೆಶಾಯನು ಬಂದು, ಹೆದರಬೇಡವೆಂದು ಧೈರ್ಯ ಹೇಳಿ, ಒಂದು ಗುರುತನ್ನು ಕೊಡುತ್ತಾನೆ. ಒಬ್ಬ ತರುಣಿಯು ಗಂಡುಮಗುವನ್ನು ಹೆರುವಳು. ಅದಕ್ಕೆ ‘ದೇವರು ನಮ್ಮ ಸಂಗಡ’ ಎಂಬರ್ಥದ ಇಮ್ಮಾನುವೇಲ್ ಎಂಬ ಹೆಸರಿಡುವಳು. ಆ ಮಗುವಿಗೆ ಒಳ್ಳೆಯದು ಕೆಟ್ಟದ್ದರ ಅರಿವು ಮೂಡುವುದರೊಳಗಾಗಿ ನೀನು ಹೆದರುವ ಆ ಇಬ್ಬರು ಅರಸರ ನಾಡು ಪಾಳುಬೀಳುವುದು. ಹಾಗೆಯೇ 732ರಲ್ಲಿ ದಮಸ್ಕವು ಅಶ್ಶೂರ್ಯರ ಕೈಗೆ ಬಿತ್ತು. ಹತ್ತು ವರ್ಷ ಕಳೆದು 722ರಲ್ಲಿ ಸಮಾರ್ಯವೂ ಬಿತ್ತು.

ಎಂದರೆ ಈ ಮಾತಿಗೆ ಅದರ ಕಾಲದಲ್ಲಿಯೇ ಪೂರ್ಣವಾದ ಅರ್ಥವಿತ್ತು. ಊರನ್ನು ಶತ್ರುಗಳು ಮುತ್ತಲು ಬರುತ್ತಿರುವಾಗ, ಏಳುನೂರು ವರ್ಷಗಳ ಮೇಲೆ ಒಬ್ಬನು ಹುಟ್ಟುವನೆಂಬ ವಾರ್ತೆಯಿಂದ ಆಹಾಜನಿಗೆ ಆಗಬೇಕಾದ್ದಾದರೂ ಏನು?

ಇಲ್ಲಿ ಶಬ್ದದ ತೊಡಕೊಂದು ಉಂಟು. ಹೀಬ್ರೂ ಮೂಲದಲ್ಲಿರುವ ‘ಅಲ್ಮಾ’ ಎಂಬ ಪದಕ್ಕೆ ಪ್ರಾಯದ ಹೆಣ್ಣು ಎಂದು ಅರ್ಥ. ಕನ್ಯತ್ವವನ್ನೇ ಒತ್ತಿ ಹೇಳಬೇಕಾದರೆ ಆ ಭಾಷೆಯಲ್ಲಿ ‘ಬೆತೂಲಾ’ ಎಂಬ ಬೇರೊಂದು ಪದವಿದೆ. ಕ್ರಿಸ್ತನಿಗಿಂತ ಮುಂಚೆಯೇ ಈ ಗ್ರಂಥವನ್ನು ಗ್ರೀಕಿಗೆ ತಿರುಗಿಸಿದ ಯೆಹೂದ್ಯ ಪಂಡಿತರು ಇಲ್ಲಿ ‘ಪಾರ್ಥೆನೊಸ್’ ಎಂಬ ಪದವನ್ನಿಟ್ಟರು. ಅದರ ರೂಢಿಯ ಅರ್ಥ ಪುರುಷಸಂಪರ್ಕವಿಲ್ಲದವಳು ಎಂದು. ಮತ್ತಾಯನು ಓದಿದುದು ಈ ಗ್ರೀಕ್ ಪಾಠವನ್ನೇ. ಕನ್ನಡದ ಓದುಗನಿಗೆ ಈ ತೊಡಕು ಬೇಗ ಅರ್ಥವಾಗಬೇಕು. ಏಕೆಂದರೆ ನಮ್ಮ ‘ಕನ್ಯೆ’ ಎಂಬ ಪದದಲ್ಲಿಯೂ ಎರಡು ಅರ್ಥಗಳು ಒಂದೇ ಸೂರಿನಡಿ ವಾಸಮಾಡುತ್ತಿವೆ. ಕನ್ಯೆಯನ್ನು ನೋಡಲು ಹೋಗುವಾಗ ನಾವು ಮದುವೆಯ ಹುಡುಗಿಯೆಂಬ ಅರ್ಥವನ್ನಷ್ಟೇ ಮನಸ್ಸಿನಲ್ಲಿಟ್ಟಿರುತ್ತೇವೆ. ಕ್ರಿ. ಶ. ಎರಡನೆಯ ಶತಮಾನದಲ್ಲಿ ಜಸ್ಟಿನ್ ಎಂಬ ಕ್ರೈಸ್ತನು ಬರೆದ ಸಂವಾದಗ್ರಂಥದಲ್ಲಿ ಟ್ರೈಫೊ ಎಂಬ ಯೆಹೂದ್ಯನು ಇದನ್ನೇ ಎತ್ತಿ, ಮೂಲದಲ್ಲಿರುವುದು ತರುಣಿಯೆಂದು, ಹುಟ್ಟಿದವನು ಆಹಾಜನ ಮಗನಾದ ಹಿಜ್ಕೀಯನೆಂದು ವಾದಿಸುತ್ತಾನೆ. ಮೃತಸಮುದ್ರದ ಬಳಿಯ ಗುಹೆಯಿಂದ 1947ರಲ್ಲಿ ಬೆಳಕಿಗೆ ಬಂದ ಯೆಶಾಯನ ಸುರುಳಿ, ಇಪ್ಪತ್ತನಾಲ್ಕು ಅಡಿ ಉದ್ದದ ಚರ್ಮದ ಸುರುಳಿ, ಕ್ರಿಸ್ತನಿಗಿಂತ ನೂರು ವರ್ಷಕ್ಕೂ ಹೆಚ್ಚು ಹಿಂದಿನದು. ಅದರಲ್ಲಿಯೂ ಇರುವುದು ‘ಅಲ್ಮಾ’ ಎಂದೇ.

ಹಾಗಾದರೆ ಮತ್ತಾಯನು ಒಂದು ಭಾಷಾಂತರದಿಂದ ಮೋಸಹೋದನೆ? ಹಾಗೆಂದು ಹೇಳಿ ಕೈತೊಳೆದುಕೊಳ್ಳುವ ವಿಮರ್ಶಕರೂ ಇದ್ದಾರೆ. ಆದರೆ ಲೂಕನ ಸುವಾರ್ತೆಯನ್ನು ನೋಡಬೇಕು. ಅವನೂ ಮರಿಯಳು ಕನ್ಯೆಯಾಗಿದ್ದಳೆಂದೇ ಕಥೆ ಹೇಳುತ್ತಾನೆ. ಆದರೆ ಯೆಶಾಯನ ಈ ಮಾತನ್ನು ಎಲ್ಲಿಯೂ ಉದಾಹರಿಸುವುದಿಲ್ಲ. ಇದರಿಂದ ನಮಗೆ ತೋರುವುದಿಷ್ಟು: ಆ ನಂಬಿಕೆ ಪ್ರವಾದನೆಯ ವಾಕ್ಯದಿಂದ ಹುಟ್ಟಿದುದಲ್ಲ. ನಂಬಿಕೆ ಮೊದಲಿತ್ತು, ಅನಂತರ ಮತ್ತಾಯನು ಹಳೆಯ ಗ್ರಂಥಕ್ಕೆ ಮರಳಿ ಹೋಗಿ, ಅಲ್ಲಿ ‘ದೇವರು ನಮ್ಮ ಸಂಗಡ’ ಎಂಬ ಹೆಸರಿನ ಮಗುವನ್ನು ಕಂಡು, ಈ ಹೆಸರು ಈಗ ತುಂಬಿತೆಂದು ಬರೆದನು. ಸುವಾರ್ತೆಗಳ ರೀತಿಯೇ ಇದು. ಅವು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುವುದಿಲ್ಲ. ಮುಂದೆ ನಿಂತು ಹಿಂದಕ್ಕೆ ತಿರುಗಿ ನೋಡುತ್ತವೆ.

ಇದಕ್ಕೆ ಹೋಶೇಯನ ವಾಕ್ಯದಂತಹ ಸಾಕ್ಷಿ ಬೇರೊಂದಿಲ್ಲ. ಮಗುವಾದ ಯೇಸುವನ್ನು ಹೆರೋದನಿಂದ ಉಳಿಸಲು ತಂದೆತಾಯಿಗಳು ಐಗುಪ್ತಕ್ಕೆ ಓಡಿಹೋಗಿ ಮರಳಿದರೆಂದು ಹೇಳುವಾಗ ಮತ್ತಾಯನು, ದೇವರು ತನ್ನ ಮಗನನ್ನು ಐಗುಪ್ತದಿಂದ ಕರೆದನೆಂಬ ಹೋಶೇಯನ ಮಾತು ನೆರವೇರಿತೆನ್ನುತ್ತಾನೆ. ಹೋಶೇಯನ ಗ್ರಂಥವನ್ನು ತೆರೆದು ನೋಡಿದವರಿಗೆ ಆಶ್ಚರ್ಯವಾಗುವುದು. ಅಲ್ಲಿ ಭವಿಷ್ಯದ ಸುಳಿವೇ ಇಲ್ಲ, ಕ್ರಿಯಾಪದ ಭೂತಕಾಲದ್ದು. ಇಸ್ರಾಯೇಲ್ ಜನಾಂಗವು ಎಳೆಯದಾಗಿದ್ದಾಗ ದೇವರು ಅದನ್ನು ದಾಸ್ಯದಿಂದ ಬಿಡಿಸಿ ತಂದುದನ್ನೂ, ನಡೆಯಲು ಕಲಿಸಿದುದನ್ನೂ, ಆ ಮಗ ಮಾತು ಕೇಳದೆ ಹೋದುದನ್ನೂ ತಂದೆಯ ಸಂಕಟದಿಂದ ನೆನೆಯುವ ಅಧ್ಯಾಯವದು. ಮತ್ತಾಯನಿಗೆ ಇದು ತಿಳಿಯದೆ ಇರಲಿಲ್ಲ. ಅವನ ಕಥೆಯಲ್ಲಿ ಯೇಸು ಐಗುಪ್ತದಿಂದ ಬರುತ್ತಾನೆ, ಯೊರ್ದನಿನ ನೀರನ್ನು ಹೊಗುತ್ತಾನೆ, ಅಡವಿಯಲ್ಲಿ ನಲವತ್ತು ದಿನ ಹಸಿಯುತ್ತಾನೆ, ಬೆಟ್ಟವನ್ನೇರಿ ಧರ್ಮವನ್ನು ಬೋಧಿಸುತ್ತಾನೆ. ಇಸ್ರಾಯೇಲ್ ಜನ ನಡೆದು ಎಡವಿದ ದಾರಿಯನ್ನು ಒಬ್ಬನು ಮತ್ತೆ ನಡೆದು ಮುಗಿಸುತ್ತಾನೆಂಬುದು ಅವನ ಭಾವ.

ಮರುವಾಕ್ಯದಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಹೆರೋದನು ಬೇತ್ಲೆಹೇಮಿನ ಎಳೆಗೂಸುಗಳನ್ನು ಕೊಲ್ಲಿಸಿದಾಗ ಮತ್ತಾಯನು ಯೆರೆಮೀಯನನ್ನು ನೆನೆಯುತ್ತಾನೆ. ಸೆರೆಹೋಗುವ ಮಕ್ಕಳಿಗಾಗಿ ಮೂಲಮಾತೆ ರಾಹೇಲಳು ರಾಮದಲ್ಲಿ ಗೋಳಿಡುವ ಮಾತದು. ಉಳಿದ ಕಡೆಗಳಲ್ಲಿ ‘ನೆರವೇರುವಂತೆ’ ಎಂದು ಉದ್ದೇಶವನ್ನು ಹೇಳುವ ಮತ್ತಾಯನು ಇಲ್ಲಿ ‘ಆಗ ನೆರವೇರಿತು’ ಎಂದಷ್ಟೇ ಹೇಳಿ ಸುಮ್ಮನಾಗುವನು. ಯೂದನ ದ್ರೋಹದ ಹಣದ ಪ್ರಸಂಗದಲ್ಲಿಯೂ ಹೀಗೆಯೇ. ಕೂಸುಗಳ ಕೊಲೆಯಾಗಲೆಂದು ದೇವರು ಮೊದಲೇ ಬರೆದಿಟ್ಟಿದ್ದನೆಂದು ಹೇಳಲು ಅವನ ಲೇಖನಿ ಒಪ್ಪಲಿಲ್ಲ. ಎರಡು ಸಾಲುಗಳ ಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ನಮ್ಮ ಸಾಹಿತ್ಯದಿಂದ ಒಂದು ಹೋಲಿಕೆಯನ್ನು ತರಬಹುದೆಂದು ತೋರುತ್ತದೆ. ಹತ್ತನೆಯ ಶತಮಾನದ ಪಂಪನು ವಿಕ್ರಮಾರ್ಜುನವಿಜಯವನ್ನು ಬರೆದಾಗ ತನ್ನ ಅರಸನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡನು. ವ್ಯಾಸರು ಅರಿಕೇಸರಿಯ ಜನನವನ್ನು ಮುಂದಾಗಿ ನುಡಿದಿದ್ದರೆಂದು ಪಂಪನೂ ಹೇಳಲಿಲ್ಲ, ಅವನ ಓದುಗರೂ ತಿಳಿಯಲಿಲ್ಲ. ಹಳೆಯ ಪಾತ್ರವೊಂದು ಹೊಸ ಮನುಷ್ಯನಲ್ಲಿ ಮೈತುಂಬಿ ನಿಂತಿತೆಂಬುದು ಅಲ್ಲಿನ ಕಾಣ್ಕೆ. ಹೋಲಿಕೆ ಇಲ್ಲಿಗೆ ಸಾಕು. ಆಶ್ರಯ ಕೊಟ್ಟ ದೊರೆಯನ್ನು ಹೊಗಳುವುದು ಬೇರೆ, ಶಿಲುಬೆಗೇರಿಸಲ್ಪಟ್ಟವನೊಬ್ಬನನ್ನು ಜಗತ್ತಿನ ಅರಸನೆಂದು ಸಾರುವುದು ಬೇರೆ. ಪಂಪನಿಗೆ ಅದು ಕಾವ್ಯಮಾರ್ಗ, ಮತ್ತಾಯನಿಗೆ ಅದು ದೇವರೇ ಚರಿತ್ರೆಯಲ್ಲಿ ಬರೆದ ಸಾಮ್ಯ.

ಮತ್ತಾಯನ ಈ ಉತ್ಸಾಹವು ಕೆಲವೆಡೆ ಓದುಗನನ್ನು ನಗಿಸುವುದೂ ಉಂಟು. ಅರಸನು ವಿನಯದಿಂದ ಕತ್ತೆಯನ್ನೇರಿ ಬರುವನೆಂದು ಹೇಳುವಾಗ ಜೆಕರ್ಯನು ಹೀಬ್ರೂ ಕಾವ್ಯದ ಪದ್ಧತಿಯಂತೆ ಕತ್ತೆಯೆಂದೂ ಕತ್ತೆಯ ಮರಿಯೆಂದೂ ಎರಡು ಸಲ ಹೇಳುತ್ತಾನೆ. ನಮ್ಮ ‘ಮನೆಮಠ’, ‘ಹೊಲಗದ್ದೆ’ಗಳಂತಹ ಜೋಡಿನುಡಿಯ ಸೊಗಸು ಅದು, ಪ್ರಾಣಿ ಒಂದೇ. ಮಾರ್ಕ, ಲೂಕ, ಯೋಹಾನರ ಕಥೆಯಲ್ಲಿಯೂ ಒಂದೇ. ಮತ್ತಾಯನಲ್ಲಿ ಮಾತ್ರ ತಾಯಿಯೂ ಮರಿಯೂ ಎರಡೂ ಬಂದು ನಿಲ್ಲುತ್ತವೆ! ಯೇಸುವನ್ನು ನಜರೇತಿನವನೆಂದು ಕರೆಯುವರೆಂದು ಪ್ರವಾದಿಗಳು ಹೇಳಿದರೆಂದು ಅವನು ಬರೆದಿರುವ ಮಾತಂತೂ ಹೀಬ್ರೂ ಗ್ರಂಥದಲ್ಲಿ ಎಲ್ಲಿಯೂ ಹಾಗೆ ದೊರೆಯುವುದಿಲ್ಲ. ಚಿಗುರು ಎಂಬರ್ಥದ ಯೆಶಾಯನ ‘ನೇಚೆರ್’ ಎಂಬ ಶಬ್ದದ ಧ್ವನಿ ಅಲ್ಲಿದೆಯೆಂದು ಹಲವು ವಿದ್ವಾಂಸರು ಊಹಿಸುವರು. ಇಂತಹವನ್ನು ಮುಚ್ಚಿಡುವುದರಿಂದ ಗ್ರಂಥಕ್ಕೆ ಗೌರವ ಹೆಚ್ಚುವುದೆಂದು ನಾವು ನಂಬುವುದಿಲ್ಲ.

ಲೂಕನು ಹೇಳುವ ಪ್ರಸಂಗವೊಂದು ನಮಗೆ ಬಹಳ ಮೆಚ್ಚಿಗೆಯಾದುದು. ಯೇಸು ತನ್ನ ಊರಾದ ನಜರೇತಿನ ಸಭಾಮಂದಿರದಲ್ಲಿ ಸಬ್ಬತ್ ದಿನ ಎದ್ದು ನಿಂತು ಯೆಶಾಯನ ಸುರುಳಿಯನ್ನು ಬಿಚ್ಚುತ್ತಾನೆ. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ದೇವರು ಮೆಚ್ಚುವ ವರುಷ ಎಂಬಲ್ಲಿಯವರೆಗೆ ಓದಿ ಸುರುಳಿಯನ್ನು ಸುತ್ತಿ ಕೊಟ್ಟುಬಿಡುತ್ತಾನೆ. ಮೂಲದಲ್ಲಿ ಅದರ ಬೆನ್ನಿಗೇ, ಅದೇ ವಾಕ್ಯದಲ್ಲಿ, ದೇವರು ಮುಯ್ಯಿ ತೀರಿಸುವ ದಿನದ ಮಾತು ಬರುತ್ತದೆ. ಅದನ್ನು ಅವನು ಓದಲಿಲ್ಲ. ಅನಂತರ ಈ ಮಾತು ಈ ಹೊತ್ತು ನಿಮ್ಮ ಕಿವಿಯಲ್ಲಿ ನೆರವೇರಿತೆಂದು ಸಭೆಗೆ ಹೇಳುತ್ತಾನೆ. ಇಲ್ಲಿ ತುಂಬುವುದೆಂದರೆ ಆರಿಸುವುದೂ ಹೌದು. ಸ್ವಲ್ಪ ಹೊತ್ತಿನಲ್ಲಿಯೇ ಊರವರು ಅವನನ್ನು ಗುಡ್ಡದ ಅಂಚಿಗೆ ನೂಕಿಕೊಂಡು ಹೋದರೆಂಬುದನ್ನು ನೋಡಿದರೆ ಹೊಗಳಿಸಿಕೊಳ್ಳಲು ಹೇಳಿದ ಮಾತಲ್ಲವೆಂಬುದು ತಿಳಿಯುತ್ತದೆ.

ಇನ್ನು ಎಲ್ಲಕ್ಕೂ ಕಠಿನವಾದ ಯೆಶಾಯನ ಐವತ್ತಮೂರನೆಯ ಅಧ್ಯಾಯ. ಅಲ್ಲಿ ಇತರರ ಪಾಪವನ್ನು ಹೊತ್ತು, ಬಾಯಿತೆರೆಯದೆ, ಕುರಿಮರಿಯಂತೆ ವಧೆಗೆ ನಡೆಯುವ ದೇವಸೇವಕನೊಬ್ಬನ ಚಿತ್ರವಿದೆ. ಅಪೊಸ್ತಲರ ಕೃತ್ಯಗಳೆಂಬ ಗ್ರಂಥದಲ್ಲಿ ಐಥಿಯೋಪ್ಯದ ರಾಣಿಯ ಕಂಚುಕಿಯೊಬ್ಬನು ರಥದಲ್ಲಿ ಕುಳಿತು ಇದನ್ನು ಓದುತ್ತ, ಪ್ರವಾದಿ ಹೇಳುವುದು ತನ್ನ ವಿಷಯವನ್ನೋ ಮತ್ತೊಬ್ಬನದನ್ನೋ ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಫಿಲಿಪ್ಪನು ಅಲ್ಲಿಂದಲೇ ಆರಂಭಿಸಿ ಯೇಸುವಿನ ಕಥೆ ಹೇಳುತ್ತಾನೆ. ಯೆಹೂದ್ಯರ ಉತ್ತರ ಬೇರೆ. ಆ ಸೇವಕನು ಇಸ್ರಾಯೇಲ್ ಜನಾಂಗವೇ, ಜನಾಂಗಗಳ ಕೈಯಲ್ಲಿ ಪೆಟ್ಟು ತಿಂದ ತಮ್ಮ ಕುಲವೇ ಎಂದು ತನ್ನ ಕಾಲದ ಯೆಹೂದ್ಯರು ಹೇಳುತ್ತಿದ್ದುದನ್ನು ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಜೆನನೇ ದಾಖಲುಮಾಡಿದ್ದಾನೆ. ಹನ್ನೊಂದನೆಯ ಶತಮಾನದ ಮಹಾಭಾಷ್ಯಕಾರ ರಾಶಿಯ ಅಭಿಪ್ರಾಯವೂ ಅದೇ. ಇದಲ್ಲದೆ ಯೆಹೂದ್ಯರು ಕೇಳುವ ಇನ್ನೊಂದು ಪ್ರಶ್ನೆಗೆ ಬಲವಿದೆ: ಕತ್ತಿಗಳನ್ನು ಕುಳಗಳನ್ನಾಗಿ ಬಡಿಯುವ ಕಾಲವನ್ನು ಅದೇ ಯೆಶಾಯನು ಹೇಳಿದ್ದನಲ್ಲ, ಅದೆಲ್ಲಿ ಬಂದಿತು? ಮೊದಲ ಫಲ ಬಂದಿದೆ, ಪೂರ್ಣ ಸುಗ್ಗಿ ಕ್ರಿಸ್ತನ ಪುನರಾಗಮನದಲ್ಲಿ ಎಂದು ಕ್ರೈಸ್ತರು ಉತ್ತರ ಹೇಳುವರು. ಅಲ್ಲಿಗೆ ಅವರೂ ಕಾಯುತ್ತಿರುವವರೇ ಆದರು.

ಈ ವಿಚಾರವು ಪಂಡಿತರ ಕಾಲಕ್ಷೇಪವಾಗಿ ಉಳಿದಿದ್ದರೆ ನಾವು ಇಷ್ಟು ಹೇಳಬೇಕಾಗಿರಲಿಲ್ಲ. ಪ್ರವಾದನೆಯನ್ನು ಗಣಿತದ ಉಪಪತ್ತಿಯಂತೆ ಎಣಿಸಿದ ಮೇಲೆ, ಒಪ್ಪದವನು ಬೇರೆ ರೀತಿ ಓದುವವನಾಗಿ ಕಾಣದೆ ಕಣ್ಣಿದ್ದೂ ಕುರುಡನಾದ ಹಟಮಾರಿಯಾಗಿ ಕಂಡನು. ಪ್ಯಾರಿಸ್ಸಿನಲ್ಲಿ 1240ರಲ್ಲಿ ಯೆಹೂದ್ಯರ ತಾಲ್ಮುದ್ ಗ್ರಂಥವನ್ನು ವಿಚಾರಣೆಗೆ ಗುರಿಮಾಡಿ, ಎರಡು ವರ್ಷಗಳ ಮೇಲೆ ಬಂಡಿಗಟ್ಟಲೆ ಪ್ರತಿಗಳನ್ನು ಸುಟ್ಟರು. ಬಾರ್ಸೆಲೋನದಲ್ಲಿ 1263ರಲ್ಲಿ ಅರಸನ ಸಮ್ಮುಖದಲ್ಲಿ ನಡೆದ ವಾದದಲ್ಲಿ ನಹ್ಮಾನಿದೀಸನೆಂಬ ಯೆಹೂದ್ಯ ವಿದ್ವಾಂಸನು, ಮೆಸ್ಸೀಯನು ಬಂದಿದ್ದರೆ ಲೋಕದಲ್ಲಿ ಇನ್ನೂ ಇಷ್ಟು ಹಿಂಸೆಯೇಕೆ ಎಂದು ಕೇಳಿದನು. ಅರಸನು ಅವನಿಗೆ ಬಹುಮಾನವನ್ನೇನೋ ಕೊಟ್ಟನು. ಆದರೂ ಕೆಲವು ವರ್ಷಗಳಲ್ಲಿ ಅವನು ದೇಶವನ್ನೇ ಬಿಡಬೇಕಾಯಿತು. ಏಳು ಶತಮಾನಗಳ ಮೇಲೆ, ಯೂರೋಪಿನ ಯೆಹೂದ್ಯರ ಮಹಾಸಂಹಾರವನ್ನು ಕಂಡ ಮೇಲೆ, ಸಭೆಗಳು ಮರುವಿಚಾರಕ್ಕೆ ತೊಡಗಿದುವು. ರೋಮಿನ ಪೋಪರ ಬೈಬಲ್ ಆಯೋಗವು 2001ರಲ್ಲಿ ಹೊರಡಿಸಿದ ದೀರ್ಘಲೇಖದಲ್ಲಿ, ಪ್ರವಾದನೆಗಳನ್ನು ಮುಂದಿನ ಸಂಗತಿಗಳ ಛಾಯಾಚಿತ್ರದಂತೆ ತಿಳಿಯುವುದು ತಪ್ಪೆಂದೂ, ಹೀಬ್ರೂ ಗ್ರಂಥವನ್ನು ಯೆಹೂದ್ಯರು ಓದುವ ರೀತಿಯೂ ಸಾಧ್ಯವಾದ ಓದೆಂದೂ ಒಪ್ಪಿಕೊಂಡಿತು.

ನಮ್ಮ ನಾಡಿಗೆ ಈ ಗ್ರಂಥ ಬಂದ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ ಭಾಷಾಂತರಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಪೂರ್ಣ ಬೈಬಲ್ಲು ಕನ್ನಡದಲ್ಲಿ ಸಿದ್ಧವಾಯಿತು. ದೇವರೂ ಜನರೂ ಮಾಡಿಕೊಂಡ ಕರಾರಿಗೆ ಕನ್ನಡ ಬೈಬಲ್ಲು ಬಳಸುವ ಮಾತು ‘ಒಡಂಬಡಿಕೆ’. ಹಳೆಯ ಒಡಂಬಡಿಕೆಯೆಂದರೆ ರದ್ದಾದ ಪತ್ರವೆಂದು ಕಚೇರಿಯ ರೂಢಿಯವರಿಗೆ ತೋರಬಹುದು. ಹೊಸ ಒಡಂಬಡಿಕೆಯೆಂಬ ಮಾತನ್ನು ಮೊದಲು ಆಡಿದವನು ಹಳೆಯ ಗ್ರಂಥದ ಯೆರೆಮೀಯನೇ ಎಂಬುದನ್ನೂ, ರಾಹೇಲಳ ಗೋಳಿನ ಅಧ್ಯಾಯದಲ್ಲಿಯೇ ಅದು ಬರುತ್ತದೆಂಬುದನ್ನೂ ಅವರು ಗಮನಿಸಬೇಕು. ‘ಮೆಸ್ಸೀಯ’, ‘ಕ್ರಿಸ್ತ’ ಎಂಬ ಪದಗಳೂ ಹೆಸರುಗಳಲ್ಲ. ಒಂದು ಹೀಬ್ರೂ, ಒಂದು ಗ್ರೀಕ್, ಎರಡಕ್ಕೂ ಅಭಿಷಿಕ್ತನೆಂದೇ ಅರ್ಥ. ಪಟ್ಟಾಭಿಷೇಕವನ್ನು ಬಲ್ಲ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಎರೆಯುವುದು ಎಣ್ಣೆ ಎಂಬುದಷ್ಟೇ ಭೇದ.

‘ತುಂಬುವುದು’ ಎಂಬ ಭಾವನೆಯನ್ನು ಈ ನೆಲದ ಗ್ರಂಥಗಳಿಗೂ ಹಬ್ಬಿಸಿದವರುಂಟು. ನಿಘಂಟಿನ ಕಿಟ್ಟೆಲ್ಲರು 1872ರಲ್ಲಿ ಯಜ್ಞಸುಧಾನಿಧಿ ಎಂಬ ಪುಸ್ತಕವನ್ನು ಹೊರತಂದು, ವೈದಿಕ ಯಜ್ಞದ ವಿಚಾರವನ್ನು ಕ್ರಿಸ್ತಬಲಿಯ ವಿಚಾರದ ಎದುರಿಗಿಟ್ಟು ನೋಡಿದರು. ಸರ್ವಜ್ಞನ ವಚನಗಳನ್ನು 1924ರಲ್ಲಿ ಸಂಪಾದಿಸಿ ಕೊಟ್ಟವರೂ 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದ ಉತ್ತಂಗಿ ಚನ್ನಪ್ಪನವರು, ಬಾಸೆಲ್ ಮಿಶನ್ನಿನ ಪಾದ್ರಿಗಳು, ಬೆತ್ಲೆಹೇಮು ಬನಾರಸಿಗೆ ಮಾಡುವ ವಿನಂತಿಯೆಂಬರ್ಥದ ಹೆಸರಿನ ಪುಸ್ತಕವನ್ನೇ ಬರೆದರು. ಭಾರತೀಯ ಕ್ರೈಸ್ತ ಚಿಂತಕರಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಉಪನಿಷತ್ತುಗಳೇ ನಮಗೆ ಹಳೆಯ ಒಡಂಬಡಿಕೆಯಾಗಬಾರದೇಕೆ ಎಂದು ಕೇಳಿದ್ದುಂಟು. ಪ್ರಶ್ನೆಯ ಹಿಂದಿನ ಸ್ವದೇಶಪ್ರೇಮವನ್ನು ಗೌರವಿಸಿಯೂ ನಾವು ಒಪ್ಪಲಾರೆವು. ಹೀಬ್ರೂ ಗ್ರಂಥವನ್ನು ಕಿತ್ತೊಗೆಯಬೇಕೆಂದು ಎರಡನೆಯ ಶತಮಾನದಲ್ಲಿಯೇ ಮಾರ್ಸಿಯನನೆಂಬವನು ಹಟಹಿಡಿದಾಗ ರೋಮಿನ ಸಭೆ ಅವನನ್ನೇ ಹೊರಗೆ ಹಾಕಿತು. ಅದರ ಕಾರಣ ಸರಳ: ಕೊಡವನ್ನು ಒಡೆದು ಅದು ತುಂಬಿತೆಂದು ಹೇಳಲಾಗದು. ಅಂತೆಯೇ ಉಪನಿಷತ್ತನ್ನು ಇನ್ನೊಂದರ ಪೀಠಿಕೆಯೆಂದು ಕರೆದರೆ ಅದನ್ನು ಪೂರ್ಣವೆಂದು ತಿಳಿದು ಓದುವವರಿಗೆ, ಯೆಹೂದ್ಯರಿಗೆ ಆದ ನೋವೇ ಆಗುವುದು.

ಕೊನೆಗೆ ಪುಸ್ತಕಗಳ ಕಟ್ಟಿನ ಒಂದು ಸಂಗತಿ. ಎರಡು ಮತದವರಲ್ಲಿಯೂ ಈ ಗ್ರಂಥಗಳು ಬಹುಮಟ್ಟಿಗೆ ಅವೇ. ಜೋಡಣೆ ಮಾತ್ರ ಬೇರೆ. ಕ್ರೈಸ್ತರ ಕ್ರಮದಲ್ಲಿ ಕೊನೆಯವನು ಮಲಾಕಿಯ. ಎಲೀಯನನ್ನು ಕಳುಹಿಸುವೆನೆಂಬ ದೇವರ ವಾಗ್ದಾನದೊಂದಿಗೆ ಆ ಪುಟ ಮುಗಿದು, ಹಾಳೆ ಮಗುಚಿದರೆ ಮತ್ತಾಯನ ವಂಶಾವಳಿ. ಯೆಹೂದ್ಯರ ಕ್ರಮದಲ್ಲಿ ಪೂರ್ವಕಾಲವೃತ್ತಾಂತವು ಕೊನೆಯದು. ಸೆರೆಯಲ್ಲಿದ್ದವರು ಯೆರೂಸಲೇಮಿಗೆ ಏರಿಹೋಗಬಹುದೆಂದು ಪಾರಸಿಯ ಅರಸ ಕೋರೆಷನು ಕೊಟ್ಟ ಅಪ್ಪಣೆಯಲ್ಲಿ ಅದು ಮುಗಿಯುತ್ತದೆ. ಸುಬ್ರಹ್ಮಣ್ಯಪುರದ ನಮ್ಮ ಹಿರಿಯರಿಗೆ ಇದನ್ನು ಹೇಳಿದಾಗ ಅವರು, ಹಾಗಾದರೆ ಮೊದಲು ಯಾವುದನ್ನು ಓದಲಿ ಎಂದರು. ನಾವು ಕೊಟ್ಟುದು ಯೆಶಾಯನ ಏಳನೆಯ ಅಧ್ಯಾಯವನ್ನು. ಆಹಾಜನ ಯುದ್ಧ ಮುಗಿದ ಮೇಲೆ ಮತ್ತಾಯನಿಗೆ ಬರುವುದೆಂದು ನಮ್ಮಿಬ್ಬರಲ್ಲಿ ಒಡಂಬಡಿಕೆಯಾಗಿದೆ.